ನಡಿಗಿ ನರಸಬಾಯಿಯ ಮೂರನೆಯ ಗೆರೆ

ಫೆಬ್ರವರಿ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ, ಊರ ಹೊರಗಿನ ಹೊಲ. ಹಾಜರಿದ್ದವರು: ತೀರಿಕೊಂಡಾಕೆಯ ತಮ್ಮ, ತಮ್ಮನ ಹೆಂಡತಿ, ಓಣಿಯ ಗಂಡಸರು ಹದಿನೈದಿಪ್ಪತ್ತು ಮಂದಿ, ಆಕೆ ಒಂದು ಕಾಲಕ್ಕೆ ಬೆಳಗಿನ ನಡಿಗೆ ನಡೆಸಿದ ಹೆಂಗಸರು ಒಂಬತ್ತು ಜನ, ಮತ್ತು ನಾನು. ಕೊಪ್ಪಳದಿಂದ ಏಳೂವರೆಯ ಬಸ್ಸು ಹಿಡಿದು ಮಣ್ಣಿಗೆ ಹೋಗಿದ್ದೆ. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು, ನಾನೂ ಹಾಕಿದೆ. ನನ್ನ ಚೀಲದಲ್ಲಿ ಆಕೆಯ ಒಂದು ಪುಸ್ತಕವಿತ್ತು. ಅದನ್ನು ತಮ್ಮನ ಕೈಗೆ ಒಪ್ಪಿಸಿ ಬರಬೇಕೆಂದು ಒಯ್ದಿದ್ದೆ.

ನಾನು ಆರೋಗ್ಯ ಇಲಾಖೆಯಲ್ಲಿ ಮೇಲ್ವಿಚಾರಕಿಯಾಗಿದ್ದವಳು. ಹಳ್ಳಿಯ ಉಪಕೇಂದ್ರಗಳಿಗೆ ಹೋಗುವುದು, ಅಲ್ಲಿನ ನರ್ಸುಗಳ ಕೆಲಸ ನೋಡುವುದು, ರಿಜಿಸ್ಟರು ತಿದ್ದುವುದು, ಪ್ರತಿ ಪುಟದ ಕೆಳಗೆ ‘ಪರಿಶೀಲಿಸಿದೆ’ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಆಕೆ ನನ್ನ ಕೈಕೆಳಗಿನ ನರ್ಸು. ಆಕೆಗೆ ಹೆಸರು ಬರೆಯುವುದೇ ಸೇರುತ್ತಿರಲಿಲ್ಲ, ನಾನೂ ಬರೆಯುವುದಿಲ್ಲ. ಊರವರು ‘ನಡಿಗಿ ನರಸಬಾಯಿ’ ಎನ್ನುತ್ತಿದ್ದರು. ಅಷ್ಟು ಸಾಕು.

ಮೊದಲು ನೋಡಿದ್ದು ಕೊಪ್ಪಳ ಬೇರೆ ಜಿಲ್ಲೆಯಾದ 1997ರಲ್ಲಿ. ನಮಗೆ ಬರುತ್ತಿದ್ದ ನಮೂನೆಗಳಲ್ಲಿ ಇನ್ನೂ ‘ರಾಯಚೂರು ಜಿಲ್ಲೆ’ ಎಂದೇ ಅಚ್ಚಾಗಿರುತ್ತಿತ್ತು. ಅದನ್ನು ಹೊಡೆದು ಮೇಲೆ ಕೊಪ್ಪಳ ಎಂದು ಬರೆಯುವುದೇ ಒಂದು ಕೆಲಸವಾಗಿತ್ತು. ನನಗೆ ಯಲಬುರ್ಗಾ ಕಡೆಯ ಉಪಕೇಂದ್ರಗಳನ್ನು ಕೊಟ್ಟಿದ್ದರು. ಮುಂಚಿತವಾಗಿ ತಿಳಿಸದೆ ಹೋಗುವುದು ನನ್ನ ಪದ್ಧತಿ. ಆಕೆಯಿದ್ದ ಊರಿಗೆ ಮೊದಲ ಬಸ್ಸಿಗೆ ಹೋಗಿ ಇಳಿದಾಗ ಉಪಕೇಂದ್ರಕ್ಕೆ ಬೀಗ ಹಾಕಿತ್ತು. ಗಡಿಯಾರ ನೋಡಿಕೊಂಡು ಟಿಪ್ಪಣಿ ಬರೆಯಲು ಪೆನ್ನು ತೆಗೆದೆ. ಅಷ್ಟರಲ್ಲಿ ಕೆರೆಯ ಏರಿಯ ಮೇಲೆ ಒಂದು ಸಾಲು ಕಂಡಿತು. ಮುಂದೆ ಬಿಳಿ ಸೀರೆ, ಕಂಕುಳಲ್ಲಿ ಬಿಚ್ಚದ ಕೊಡೆ. ಹಿಂದೆ ಆರು ಬಸುರಿಯರು, ಒಬ್ಬರಿಗಿಂತ ಒಬ್ಬರ ಹೊಟ್ಟೆ ದೊಡ್ಡದು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರೂ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

“ಇದೇನು?” ಎಂದು ಕೇಳಿದೆ.

“ಡ್ಯೂಟಿ ಮೇಡಂ,” ಎಂದಳು. “ಎಂಟಕ್ಕ ಬೀಗ ತೆಗಿಬೇಕಂತ ಆರ್ಡರ್ ಐತಿ. ಈಗ ಏಳೂ ಹತ್ತು.”

ಬರೆಯಲು ತೆಗೆದ ಪೆನ್ನನ್ನು ಮುಚ್ಚಿದೆ.

ಅವತ್ತೇ ಆಕೆಯ ಕ್ರಮವನ್ನೆಲ್ಲ ಕೇಳಿ ತಿಳಿದೆ, ಆಮೇಲಿನ ಭೇಟಿಗಳಲ್ಲಿ ಕಣ್ಣಾರೆ ನೋಡಿದೆ. ಬೆಳಿಗ್ಗೆ ಆರಕ್ಕೆ ಬಸುರಿಯರು ಉಪಕೇಂದ್ರದ ಕಟ್ಟೆಗೆ ಬರಬೇಕು. ಆಕೆ ಒಬ್ಬೊಬ್ಬರ ಮುಂದೆ ನಿಂತು ಮೊದಲು ಕಣ್ಣಿನ ಕೆಳ ರೆಪ್ಪೆ ಎಳೆದು ನೋಡುವಳು, ರಕ್ತ ಎಷ್ಟಿದೆ ಎಂದು ತಿಳಿಯಲು. ಆಮೇಲೆ ಕುಕ್ಕರಗಾಲಲ್ಲಿ ಕುಳಿತು ಕಣಕಾಲನ್ನು ಹೆಬ್ಬೆರಳಿಂದ ಒತ್ತಿ ನೋಡುವಳು, ಬಾವು ಬಂದಿದೆಯೇ ಎಂದು. ಕೊನೆಗೆ ಎದ್ದು ಕಿವಿಯ ಹತ್ತಿರ ಬಾಗಿ ಒಂದೇ ಪ್ರಶ್ನೆ: “ಸೀರಿಗೆ ಏನಾರ ಅಂಟೇತೇನು?” ಮೂರೂ ಸರಿಯಿದ್ದರೆ ಪುಸ್ತಕದಲ್ಲಿ ಮೂರು ಗೆರೆ. ಒಂದು ತಪ್ಪಿದರೂ ಆ ಬಸುರಿಗೆ ಅವತ್ತು ನಡಿಗೆಯಿಲ್ಲ. ಮೂರನೆಯದು ತಪ್ಪಿದರೆ ಮೊದಲ ಬಸ್ಸಿಗೆ ಕೊಪ್ಪಳದ ಆಸ್ಪತ್ರೆ, ಬಂದ ಮೇಲೆ ಮನೆಯಲ್ಲಿ ಮಲಗುವುದು, ಹಡೆಯುವ ತನಕ ಹೊಸ್ತಿಲು ದಾಟುವ ಹಾಗಿಲ್ಲ.

ಆ ಪುಸ್ತಕದಲ್ಲಿ ಹೆಸರುಗಳಿರಲಿಲ್ಲ. ಸೊಸೆಯಂದಿರನ್ನು ಊರಲ್ಲಿ ಹೇಗೆ ಕರೆಯುತ್ತಾರೋ ಹಾಗೆಯೇ ತವರೂರಿನ ಮೇಲೆ ಬರೆದುಕೊಂಡಿದ್ದಳು: ಮುಧೋಳದಾಕಿ, ಹನುಮಸಾಗರದಾಕಿ, ಕಿನ್ನಾಳದಾಕಿ. ಹೆಸರು, ವಯಸ್ಸು, ಗಂಡನ ಹೆಸರು ಬರೆಯಬೇಕು ಎಂದೆ.

“ಅದೆಲ್ಲಾ ನಿಮ್ಮ ರಿಜಿಸ್ಟರದಾಗ ಐತ್ರಿ ಮೇಡಂ. ಇದು ನನ್ನ ಪುಸ್ತಕ.”

ಆದರೂ ತಿಂಗಳಿಗೊಮ್ಮೆ ಅದರ ಕೆಳಗೂ ಸಹಿ ಹಾಕುತ್ತಿದ್ದೆ. ಸಹಿಯಿಲ್ಲದ ಪುಸ್ತಕ ನೋಡಿದರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ.

ನಡೆಯುವಾಗ ಆಕೆ ಹಿಂದಿರುಗಿ ನೋಡುತ್ತಿರಲಿಲ್ಲ. ಹಿಂದಿನ ಬಳೆಗಳ ಸಪ್ಪಳದ ಮೇಲೆಯೇ ಯಾರು ಹಿಂದೆ ಬಿದ್ದರೆಂದು ತಿಳಿಯುತ್ತಿದ್ದಳು. ಯಾರಾದರೂ ಹಿಂದೆ ಬಿದ್ದರೆ ಚಪ್ಪಲಿಯ ಪಟ್ಟಿ ಸಡಿಲವಾದಂತೆ ಬಾಗಿ, ಅದನ್ನು ಸರಿಮಾಡುತ್ತಾ ಬೇಕಾದಷ್ಟು ಹೊತ್ತು ನಿಲ್ಲುವಳು. ‘ದಣಿದಿಯೇನು’ ಎಂದು ಕೇಳಿದ್ದನ್ನು ನಾನು ಕಾಣೆ. ಆ ಚಪ್ಪಲಿಯ ಪಟ್ಟಿ ನಾನು ನೋಡಿದಷ್ಟು ವರ್ಷವೂ ಗಟ್ಟಿಯಾಗಿಯೇ ಇತ್ತು.

ಆಕೆಯ ನಿಯಮ ಒಂದೇ: “ಮಾತಾಡ್ಕೊಂತ ನಡೀರಿ. ಮಾತು ನಿಂತ್ರ ಕಾಲೂ ನಿಲ್ಲಸ್ರಿ.” ಏದುಸಿರು ಬಂದರೆ ಮಾತಾಡಲಾಗುವುದಿಲ್ಲ, ಮಾತಾಡಲಾಗದಷ್ಟು ವೇಗ ಬಸುರಿಗೆ ಬೇಡ. ತರಬೇತಿಯಲ್ಲಿ ನಮಗೆ ಒಂದು ಗಂಟೆ ಹೇಳಿದ್ದನ್ನು ಆಕೆ ಒಂದು ಮಾತಿನಲ್ಲಿ ಮುಗಿಸಿದ್ದಳು.

ನಡೆದು ಬಂದ ಮೇಲೆ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಬೀಸುವುದು. ಕಲ್ಲೂ ಇಲ್ಲ, ಕಾಳೂ ಇಲ್ಲ. ಊರಿಗೆ ಗಿರಣಿ ಬಂದು ಬೀಸುವ ಕಲ್ಲುಗಳು ಮೂಲೆ ಸೇರಿದ್ದವು. ಎರಡೂ ಕೈ ಕೂಡಿಸಿ, ಸೊಂಟದಿಂದ ಮೇಲಿನ ಮೈಯನ್ನು ನಿಧಾನವಾಗಿ ಸುತ್ತು ತಿರುಗಿಸಬೇಕು.

“ಏನು ಬೀಸಾಕತ್ತೀವ್ರಿ ಅಕ್ಕಾರ? ಜ್ವಾಳನೋ ಗೋದಿನೋ?” ಎಂದು ಮುಧೋಳದಾಕಿ ಕೇಳಿದಳು.

“ನಿಮ್ಮ ನಿಮ್ಮ ಅತ್ತೀನ್ನ ಬೀಸ್ರಿ. ಸಣ್ಣಗ ಬರ್ಲಿ.”

ಆರೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾತು ಊರೆಲ್ಲ ಹರಡಿತು. ಅತ್ತೆಯರು ಬಿಡುತ್ತಾರೆಯೇ? ಆಕೆಗೆ ಮಕ್ಕಳಿರಲಿಲ್ಲ, ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡ ತೀರಿಕೊಂಡಿದ್ದ. “ಹಡೀದಾಕಿ ಊರಾಗಿನವರಿಗೆಲ್ಲಾ ಹಡ್ಯಾಕ ಕಲಸ್ತಾಳ” ಎಂದು ನಲ್ಲಿಯ ಹತ್ತಿರ ಕೇಳಿಸುವ ಹಾಗೆಯೇ ಅಂದರು. ಆಕೆ ಕೊಡ ತುಂಬಿಸಿ, ಎತ್ತಿ ಸೊಂಟಕ್ಕಿಟ್ಟುಕೊಂಡು, “ಬಸ್ ಓಡಸಾಂವ ರೋಡ್ ಹಾಕ್ಯಾನೇನ್ರಬೇ?” ಎಂದು ನಡೆದಳು.

ಆಕೆ ಹೊಲದ ಕೂಲಿಯವರ ಮಗಳು. ‘ಬಸುರಿ ದುಡಿದರೆ ಹೆರಿಗೆ ಸಲೀಸು’ ಎಂಬ ಮಾತನ್ನು ಮಾತ್ರ ಒಪ್ಪುತ್ತಿರಲಿಲ್ಲ. “ದುಡಿತ ನಡಿಗಿ ಅಲ್ರೀ. ದುಡಿತದಾಗ ಮೈ ಮಂದಿ ಮಾತು ಕೇಳ್ತೈತಿ. ನಡಿಗ್ಯಾಗ ತನ್ನ ಮಾತು ತಾ ಕೇಳ್ತೈತಿ.” ಒಮ್ಮೆ ತರಬೇತಿಗೆಂದು ನಾವಿಬ್ಬರೂ ಗಂಗಾವತಿಗೆ ಹೋಗಿದ್ದಾಗ ಶ್ರೀರಾಮನಗರದ ಕಡೆಯ ಕಾಲುವೆ ಗದ್ದೆಗಳನ್ನು ನೋಡಿದೆವು. ಗದ್ದೆಯೊಳಗೆ ಏಳು ತಿಂಗಳ ಬಸುರಿಯೊಬ್ಬಳು ಮೊಣಕಾಲವರೆಗಿನ ನೀರಲ್ಲಿ ಬಾಗಿ ಸಸಿ ಹಚ್ಚುತ್ತಿದ್ದಳು. ಬದುವಿನ ಆಚೆ, ಹೊಲದ ಮನೆಯ ಪಡಸಾಲೆಯಲ್ಲಿ ಅಷ್ಟೇ ತಿಂಗಳ ಇನ್ನೊಬ್ಬಳು ಮಂಚದ ಮೇಲಿದ್ದಳು. ಅಲುಗಾಡಬೇಡವೆಂದು ತಾಯಿ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ನರಸಬಾಯಿ ಇಬ್ಬರನ್ನೂ ನೋಡಿ, “ಒಬ್ಬಾಕಿಗೆ ಕುಂದರಾಕ ಇಲ್ಲ, ಒಬ್ಬಾಕಿಗೆ ಏಳಾಕ ಇಲ್ಲ. ನಡುವ ಒಂದು ಬದು ಅಷ್ಟ,” ಎಂದಳು. ಇಬ್ಬರಿಗೂ ಹೇಳಬೇಕಾದದ್ದನ್ನು ಹೇಳಿ ಬಸ್ಸು ಹತ್ತಿದೆವು. ಇಬ್ಬರೂ ತಲೆಯಾಡಿಸಿದರು. ಬಸ್ಸು ತಿರುಗುವಾಗ ನೋಡಿದರೆ ಗದ್ದೆಯವಳು ಬಾಗಿಯೇ ಇದ್ದಳು, ಮಂಚದವಳು ಮಲಗಿಯೇ ಇದ್ದಳು.

ಆಕೆ ಯಾರಿಗೂ ಏನನ್ನೂ ಖಾತ್ರಿ ಕೊಡುತ್ತಿರಲಿಲ್ಲ. ನಡೆದವರಲ್ಲೂ ಎರಡು ದಿನ ಬೇನೆ ತಿಂದವರಿದ್ದರು. ನಡೆಯದೆ ಅರ್ಧ ಗಂಟೆಯಲ್ಲಿ ಹಡೆದವರಿದ್ದರು. “ನಡದ್ರ ಸಲೀಸು ಹಡೀತಿ ಅಂತ ನಾ ಬರದು ಕೊಡಂಗಿಲ್ಲ. ದಮ್ಮು ಉಳಿತೈತಿ. ಹೊತ್ತು ಬಂದಾಗ ಬೇಕಾಗೋದು ಅದ,” ಎನ್ನುತ್ತಿದ್ದಳು. ಒಂದೇ ಒಂದು ಸಲ ಇದಕ್ಕಿಂತ ಹೆಚ್ಚು ಹೇಳಿದಳು. ಅದು ಕಿನ್ನಾಳದಾಕಿಯ ಅತ್ತೆಗೆ.

ಕಿನ್ನಾಳದಾಕಿಗೆ ಆಗ ಇಪ್ಪತ್ತು ತುಂಬಿತ್ತೋ ಇಲ್ಲವೋ. ತಂದೆ ಕಟ್ಟಿಗೆಯ ಗೊಂಬೆ ಮಾಡುವವನು. ಗೊಂಬೆಗಳಿಗೆ ಕಣ್ಣು ಹುಬ್ಬು ಬರೆಯುವುದು ಮನೆಯಲ್ಲಿ ಈ ಹುಡುಗಿಯ ಕೆಲಸವಾಗಿತ್ತು. ಕೊಟ್ಟ ಮನೆಯಲ್ಲಿ ಉಣ್ಣಲು ತಿನ್ನಲು ಏನೂ ಕಡಿಮೆಯಿರಲಿಲ್ಲ. ಆದರೆ ಸೊಸೆ ಬಾಗಿಲಾಚೆ ಕಾಲಿಡುವ ರಿವಾಜು ಇರಲಿಲ್ಲ. ನೀರು ಅತ್ತೆಯೇ ತರುವಳು. ಬಟ್ಟೆಯ ಗಂಟು ಹೊತ್ತು ಹಳ್ಳಕ್ಕೂ ಅತ್ತೆಯೇ ಹೋಗುವಳು. ಇಂಥ ಮನೆಗೆ ನರಸಬಾಯಿ ನಾಲ್ಕು ಸಲ ಹೋದಳು. ಕೊನೆಯ ಸಲ ನಾನೂ ಜೊತೆಗಿದ್ದೆ.

“ನನ್ನ ಮಗಳ ಬಾಣಂತನ ನೋಡೀರಲ್ಲ,” ಎಂದಳು ಅತ್ತೆ. “ಮೂರು ದಿನ ಒದ್ದಾಡಿ ಸತ್ತ ಕೂಸು ಹಡದ್ಳು.”

“ಆಕಿನ್ನ ಒಂಬತ್ತು ತಿಂಗಳು ಹಾಸಿಗ್ಯಾಗ ಇಟ್ಟಿದ್ರಿ ಯವ್ವ. ಈಕಿನ್ನ ನನಗ ಕೊಡ್ರಿ. ದಿನಾ ಒಂದು ತಾಸು. ಕುಬಸ ಆಗಿ ತವರಿಗೆ ಹೋಗೂ ತನಕ. ಒಂದು ದಿನಾನೂ ತಪ್ಪಸಬ್ಯಾಡ್ರಿ. ನಿಮ್ಮ ಮೊಮ್ಮಗ ಸಲೀಸು ಬರ್ತಾನ.”

ಈ ಕೊನೆಯ ಮಾತು ಆಕೆ ಎಂದೂ ಹೇಳದ ಮಾತು. ಹೊರಗೆ ಬಂದ ಮೇಲೆ ನಾನು ಅದನ್ನು ಎತ್ತಿ ಆಡಿದೆ. “ಹೌದ್ರಿ, ಹೆಚ್ಚಾತು,” ಎಂದಳು. “ಆ ಬಾಗಲಾ ಅದಕ್ಕಿಂತ ಕಡಿಮಿಗೆ ತೆರೀತಿರ್ಲಿಲ್ಲ.”

ಬಾಗಿಲು ತೆರೆಯಿತು. ಆ ತಿಂಗಳ ಭೇಟಿಯಲ್ಲಿ ಹುಡುಗಿಯನ್ನು ಏರಿಯ ಮೇಲೆ ನೋಡಿದೆ. ಎಲ್ಲರಿಗಿಂತ ಮೊದಲು ಕಟ್ಟೆಗೆ ಬರುವವಳು ಅವಳೇ. ನಡೆಯುವಾಗ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಕೆರೆಯ ನೀರು, ಬಸ್ಸಿನ ಬಣ್ಣ, ಯಾರದೋ ಎಮ್ಮೆಯ ಕೋಡು, ಎಲ್ಲದರ ಮೇಲೂ ಒಂದು ಮಾತು.

“ಮೇಡಮ್ಮಾರ, ನಿಮ್ಮ ಹುಬ್ಬು ಒಂದು ಮ್ಯಾಲ ಒಂದು ಕೆಳಗ ಅದಾವ ನೋಡ್ರಿ. ನಮ್ಮಪ್ಪ ಆಗಿದ್ರ ಅಳಿಸಿ ಮತ್ತ ಬರಿ ಅಂತಿದ್ದ,” ಎಂದು ನನಗೇ ಹೇಳಿದಳು. ಎಲ್ಲರೂ ಗಾಬರಿಯಾಗಿ ನನ್ನ ಮುಖ ನೋಡಿದರು. ನಾನು ನಕ್ಕುಬಿಟ್ಟೆ.

ತಾಸು ಮುಗಿದು ಮನೆಯ ಓಣಿ ಬಂದ ಕೂಡಲೇ ಸೆರಗು ತಲೆಯ ಮೇಲೆ ಬರುತ್ತಿತ್ತು, ಮಾತು ನಿಲ್ಲುತ್ತಿತ್ತು. ಅದನ್ನು ನಾನೂ ನೋಡಿದೆ, ಆಕೆಯೂ ನೋಡಿದಳು. ಹುಡುಗಿಯ ಕಣ್ಣಿನ ರಂಗು ಸುಧಾರಿಸಿದೆ ಎಂದು ಟಿಪ್ಪಣಿ ಬರೆದೆ. ಬರೆಯಬೇಕಾದ ಬೇರೆಯದು ನನಗೆ ಹೊಳೆಯಲಿಲ್ಲ.

ಏಳನೆಯ ತಿಂಗಳು. ಕುಬಸಕ್ಕೆ ದಿನ ಗೊತ್ತುಮಾಡಿದ್ದರು. ಇನ್ನು ಎಂಟು ದಿನಕ್ಕೆ ತವರಿನವರು ಬಂದು ಹಸಿರು ಸೀರೆ ಉಡಿಸಿ, ಉಡಿ ತುಂಬಿ ಕರೆದೊಯ್ಯುವವರಿದ್ದರು. ಅವತ್ತು ಬೆಳಿಗ್ಗೆ ಏರಿಯ ತುದಿಯ ಬೇವಿನ ಗಿಡದ ಹತ್ತಿರ ತಿರುಗಿ ಬರುವಾಗ ಕಿನ್ನಾಳದಾಕಿಯ ಮಾತು ನಿಂತಿತು. ನರಸಬಾಯಿ ವಾಡಿಕೆಯಂತೆ ಚಪ್ಪಲಿಗೆ ಬಾಗಿದಳು. ಬಾಗಿದವಳಿಗೆ ಹಿಂದಿನ ನೆಲ ಕಂಡಿತು. ಹುಡುಗಿ ನಿಂತ ಕಡೆ ಮಣ್ಣು ರಕ್ತದಿಂದ ಒದ್ದೆಯಾಗಿತ್ತು.

ಮುಂದಿನದನ್ನು ಆಕೆಯ ಬಾಯಿಂದ ಕೇಳಿದ್ದೇನೆ. ಎಡವಲಿಲ್ಲ, ಬೀಳಲಿಲ್ಲ, ನೋವು ಅನ್ನಲಿಲ್ಲ. ಕಸ, ಅಂದರೆ ಮಾಸು, ಗರ್ಭದ ಬಾಯಿಗೇ ಕೂತಿತ್ತು ಎಂದು ಲಕ್ಷಣ ಹೇಳುತ್ತಿತ್ತು. ಅಂಥವರು ಮಲಗಿದ್ದರೂ ರಕ್ತ ಹೋಗಬಹುದು. ಆದರೆ ಮೊದಲ ಕಲೆ ಕಂಡಾಗಲೇ ನಡಿಗೆ ನಿಲ್ಲಿಸಿ ದೊಡ್ಡ ಆಸ್ಪತ್ರೆಗೆ ಸೇರಬೇಕು. ಚಕ್ಕಡಿಯಲ್ಲಿ ಹಾಕಿಕೊಂಡು ಡಾಂಬರು ರಸ್ತೆಗೆ ತಂದರು. ಒಂದು ಜೀಪು ಸಿಗಲು ಮುಕ್ಕಾಲು ಗಂಟೆ ಹಿಡಿಯಿತು. ಆಕೆ ಜೀಪಿನ ಹಿಂದೆ ಹುಡುಗಿಯ ಕಾಲು ಎತ್ತರಕ್ಕೆ ಹಿಡಿದು ಕುಳಿತಿದ್ದಳು. ಅತ್ತೆ ಮುಂದೆ ಕುಳಿತಿದ್ದಳು. ಕುಕನೂರು ದಾಟಿದ ಮೇಲೆ ಹುಡುಗಿ ಆಕೆಯ ಸೆರಗು ಹಿಡಿದು ಎಳೆದಳು.

“ಅಕ್ಕಾರ, ಹೋದ ವಾರ ಅಂಟಿತ್ರಿ. ನಿನ್ನೀನೂ ಅಂಟಿತ್ತು. ಇಲ್ಲಂದ್ನಿ.”

“ಯಾಕವ್ವ?”

“ಹೂಂ ಅಂದ್ರ ಮನ್ಯಾಗ ಬಿಡ್ತಿದ್ರಿ ನೀವು.” ಮತ್ತೆ ಸೆರಗು ಎಳೆದು, “ನಮ್ಮವ್ವಗ ಹೇಳಬ್ಯಾಡ್ರಿ, ಸುಳ್ಳು ಹೇಳಿದ್ಲು ಅಂತ.”

ಕೊಪ್ಪಳ ಮುಟ್ಟುವ ಮೊದಲೇ ಎಲ್ಲ ಮುಗಿಯಿತು. ಕೂಸೂ ಉಳಿಯಲಿಲ್ಲ.

ಊರು ಒಂದೇ ಮಾತು ಅಂದಿತು. ಅತ್ತೆ ಉಪಕೇಂದ್ರದ ಮುಂದೆ ಬಂದು ಎದೆ ಎದೆ ಬಡಿದುಕೊಂಡು ಅಂದಳು: “ನಡಿಸಿ ನಡಿಸಿ ಕೊಂದ್ಳು.” ಮೇಲಿನ ಕಚೇರಿಯಿಂದ ವಿಚಾರಣೆಗೆ ಆದೇಶ ಬಂತು. ಹೇಳಿಕೆ ಬರೆದುಕೊಳ್ಳುವ ಕೆಲಸ ನನ್ನದು. ಮುಖ್ಯ ಪ್ರಶ್ನೆ ಒಂದೇ: ಆ ದಿನ ನಡೆಸುವ ಮೊದಲು ರಕ್ತಸ್ರಾವದ ಬಗ್ಗೆ ಕೇಳಿದ್ದೀರೋ ಇಲ್ಲವೋ?

“ಕೇಳಲಿಲ್ಲ,” ಎಂದಳು. “ಅವತ್ತು ಮರೆತೆ. ಹಂಗ ಬರೀರಿ.”

ಪೆನ್ನು ಕೆಳಗಿಟ್ಟೆ. ಮರೆಯುವ ಹೆಂಗಸು ಅಲ್ಲ ಆಕೆ. ಪುಸ್ತಕ ತರಿಸಿ ಆ ದಿನದ ಪುಟ ತೆರೆದೆ. ಕಿನ್ನಾಳದಾಕಿ ಎಂಬುದರ ಮುಂದೆ ಗೆರೆಗಳು ಮೂರೂ ಇದ್ದವು. ಮೂರನೆಯದು ಉಳಿದೆರಡರಷ್ಟೇ ನೆಟ್ಟಗಿತ್ತು.

“ಇದೇನು ಹಾಗಾದರೆ?”

ಆಗ ಜೀಪಿನಲ್ಲಿ ನಡೆದದ್ದನ್ನು ಹೇಳಿದಳು. ಹೇಳಿ, “ಈ ಪುಸ್ತಕ ಕಾಗದಪತ್ರದಾಗ ಸೇರಸಬ್ಯಾಡ್ರಿ ಮೇಡಂ,” ಎಂದಳು.

“ನಿನ್ನ ಮೇಲೆ ಬರುತ್ತದೆ. ಸತ್ಯ ಇಲ್ಲಿದೆಯಲ್ಲ.”

“ಐತ್ರಿ. ಹಂಗಾದ್ರ ಊರು ಏನಂತೈತಿ? ತಿರುಗೋ ಹುಚ್ಚಿಗೆ ಹೊಟ್ಟ್ಯಾಗಿನ ಕೂಸಿನ್ನ ತಾನ ಕೊಂದ್ಲು ಅಂತೈತಿ. ಕಿನ್ನಾಳದಾಗ ಆಕಿ ಅವ್ವ ಅದನ್ನ ಕೇಳಬೇಕು. ಸತ್ತಾಕಿ ಎದ್ದು ಬಂದು ಉತ್ತರ ಕೊಡತಾಳೇನ್ರಿ? ನಾ ಬದುಕೀನಿ. ನಾ ಕೊಡತೀನಿ.”

ದಾಖಲೆ ಇದ್ದರೆ ಲಗತ್ತಿಸಬೇಕು ಎಂಬುದು ನನಗೆ ಮೊದಲ ದಿನದಿಂದ ಕಲಿಸಿದ ಪಾಠ. ಅವತ್ತು ನಾಲ್ಕು ತಾಸು ಆ ಕೋಣೆಯಲ್ಲಿ ಕುಳಿತೆ. ಲಗತ್ತಿಸಿದರೆ ಒಬ್ಬಳಿಗೆ ಅನ್ಯಾಯ, ಲಗತ್ತಿಸದಿದ್ದರೆ ಇನ್ನೊಬ್ಬಳಿಗೆ. ಕೊನೆಗೆ ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆದೆ. ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಆ ತಿಂಗಳ ಪುಟಕ್ಕೆ ಸಹಿ ಮಾಡಲಿಲ್ಲ. ಸಹಿ ಮಾಡಿದರೆ ನಾನು ನೋಡಿದ್ದೇನೆ ಎಂದಾಗುತ್ತಿತ್ತು.

ಆಕೆಗೆ ಎಚ್ಚರಿಕೆ ಪತ್ರ ಬಂತು. ಕುಷ್ಟಗಿ ತಾಲ್ಲೂಕಿಗೆ ಎತ್ತಂಗಡಿಯಾಯಿತು. ಗರ್ಭಿಣಿಯರನ್ನು ಊರ ಹೊರಗೆ ಕರೆದುಕೊಂಡು ಹೋಗಕೂಡದೆಂಬ ಆದೇಶವೂ ಜೊತೆಗಿತ್ತು. ಯಲಬುರ್ಗಾ ಕಡೆಯ ಆ ಊರಲ್ಲಿ ಮುಂದೆ ಯಾವ ಬಸುರಿಯೂ ಏರಿ ಹತ್ತಲಿಲ್ಲ. ಹೊಸದಾಗಿ ಬಂದ ನರ್ಸು ಎಂಟಕ್ಕೆ ಬೀಗ ತೆಗೆಯುತ್ತಿದ್ದಳು. ಅವಳ ಮೇಲೆ ನನಗೆ ಟಿಪ್ಪಣಿ ಬರೆಯಲು ಏನೂ ಸಿಗಲಿಲ್ಲ.

ಕೆಲವು ವರ್ಷದ ಮೇಲೆ ನನಗೆ ನಾಲ್ಕೂ ತಾಲ್ಲೂಕು ತಿರುಗುವ ಕೆಲಸ ಬಂತು. ಕುಷ್ಟಗಿ ಕಡೆಯ ಆಕೆಯ ಉಪಕೇಂದ್ರಕ್ಕೆ ಹೋದಾಗ ಬೆಳಿಗ್ಗೆ ಆರೂವರೆ. ಕಲ್ಲಿನ ಕಂಪೌಂಡಿನ ಒಳಗೇ ಐದು ಜನ ಬಸುರಿಯರು ಸುತ್ತು ಹಾಕುತ್ತಿದ್ದರು. ಮುಂದೆ ಆಕೆ, ಕಂಕುಳಲ್ಲಿ ಕೊಡೆ.

“ಆರ್ಡರ್ ಊರ ಹೊರಗ ಅಂತ ಐತ್ರಿ. ಇದು ಕಂಪೌಂಡ್ ಒಳಗ,” ಎಂದಳು, ನಾನು ಕೇಳುವ ಮೊದಲೇ.

ಕಟ್ಟೆಯ ಮೇಲೆ ಇನ್ನೂ ಮೂವರು ಕುಳಿತಿದ್ದರು. ಇಬ್ಬರ ಕಾಲು ಬಾತಿತ್ತು. ಇನ್ನೊಬ್ಬಳು ಕಲೆ ಕಂಡು ಕೊಪ್ಪಳಕ್ಕೆ ಹೋಗಿ ತೋರಿಸಿಕೊಂಡು ಬಂದವಳು. ಕುಳಿತಿರಲು ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಇವರೆಲ್ಲ ಮನೆಯಲ್ಲಿ ಮಲಗಬೇಕಾದವರಲ್ಲವೇ ಎಂದು ಗದರಿಸಿದೆ.

“ಮನ್ಯಾಗ ಮಲಗ್ತಾರಂತ ಯಾರು ಹೇಳ್ಯಾರ್ರಿ? ಈಗ ಮನ್ಯಾಗಿದ್ರ ರೊಟ್ಟಿ ಬಡೀತಿರ್ತಿದ್ರು. ನಡ್ಯಾಕ ಆಗದಾಕಿ ಕುಂದರಾಕ ಬರ್ಲಿ ಮೇಡಂ. ಹೂಂ ಅಂದದ್ದಕ್ಕ ಈ ತಾಸು ಕಸಗೊಂಡ್ರ ಯಾರು ಹೂಂ ಅಂತಾರ?”

ಸುತ್ತು ಹಾಕುವವರು ಕಟ್ಟೆಯ ಹತ್ತಿರ ಬಂದಾಗಲೆಲ್ಲ ಕುಳಿತವರು ಏನೋ ಅನ್ನುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಅವರ ಮುಂದಿದ್ದ ಹೊಸ ಪುಸ್ತಕದಲ್ಲಿ ಮೂರು ಗೆರೆಯ ಪಕ್ಕ ಹೊಸ ಕಾಲಂ ಒಂದಿತ್ತು: ‘ಕುಂತಾಕಿ’. ಆ ಪುಟಕ್ಕೆ ಸಹಿ ಹಾಕಿದೆ. ಹಳೆಯ ಪುಸ್ತಕದ ಮಾತನ್ನು ಆಕೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವಾಗ ಚಹಾ ಕೊಡುತ್ತಾ ಒಂದು ಮಾತು ಹೇಳಿದಳು: “ಆಕಿ ಇದ್ದಾಗ ಈ ಬುದ್ಧಿ ಇರ್ಲಿಲ್ಲ ನೋಡ್ರಿ ನನಗ.”

ಆಮೇಲೆ ನಾನು ನಿವೃತ್ತಳಾದೆ. ಕೆಲವು ವರ್ಷದ ಮೇಲೆ ಆಕೆಯೂ ಆದಳು. ತಮ್ಮನ ಊರಲ್ಲಿ ಒಂದು ಕೋಣೆಯಲ್ಲಿದ್ದಳು. ಕೊನೆಯ ಎರಡು ವರ್ಷ ಮೊಣಕಾಲು ಹಿಡಿದು ನಡೆಯಲಾಗುತ್ತಿರಲಿಲ್ಲವಂತೆ. ಬಾಗಿಲಲ್ಲಿ ಕುಳಿತು ಹೋಗಿಬರುವವರನ್ನು ಮಾತಾಡಿಸುತ್ತಿದ್ದಳಂತೆ.

ಈಗ ಆ ಮಂಗಳವಾರದ ಮಾತಿಗೆ ಬರುತ್ತೇನೆ. ಮಣ್ಣು ಮುಗಿದ ಮೇಲೆ ಪುಸ್ತಕವನ್ನು ತಮ್ಮನ ಮುಂದೆ ಹಿಡಿದೆ. ಅವನು ತಿರುವಿ ನೋಡಿ, “ಬರೀ ಗೆರಿ ಅದಾವಲ್ರಿ. ನಾ ಏನ್ ಮಾಡ್ಲಿ ಇದನ್ನ? ನಿಮ್ಮ ಹಂತೇಕ ಇರ್ಲಿ,” ಎಂದು ಹಿಂದಕ್ಕೆ ಕೊಟ್ಟ. ಮತ್ತೆ ಚೀಲಕ್ಕೆ ಹಾಕಿಕೊಂಡು ಕುಷ್ಟಗಿಗೆ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಎರಡೂ ಐದು. ಕೊಪ್ಪಳದ ಬಸ್ಸು ಮೂರಕ್ಕೆ.

ಕಲ್ಲುಬೆಂಚಿನ ಮೇಲೆ ಒಬ್ಬ ಮುದುಕಿ ಕುಳಿತಿದ್ದಳು. ಬಹಳ ಹೊತ್ತು ನನ್ನನ್ನೇ ನೋಡಿ, “ಮೇಡಮ್ಮಾರಲ್ರಿ?” ಎಂದಳು. ಗುರುತು ಹತ್ತಲಿಲ್ಲ. “ಕಿನ್ನಾಳದಾಕಿ ಅತ್ತಿರಿ ನಾ,” ಎಂದಳು.

ಸುದ್ದಿ ಕೇಳಿ ಯಲಬುರ್ಗಾದಿಂದ ಬಂದಿದ್ದಳು. ತಡವಾಯಿತೆಂದು ಹಳ್ಳಿಯ ತನಕ ಹೋಗದೆ ಇಲ್ಲೇ ಕುಳಿತಿದ್ದಳು. ಇಷ್ಟು ವರ್ಷ ಬೈದವಳು ಮಣ್ಣಿಗೆ ಏಕೆ ಬಂದಳೆಂದು ನನಗೆ ಅರ್ಥವಾಗಲಿಲ್ಲ. ಕೇಳಿದೆ.

ಮುದುಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಆಕಿ ಸೀರಿ ನಾನ ಒಗೀತಿದ್ನಿರಿ. ಹಳ್ಳದಾಗ.”

ನಾನು ಆಕೆಯ ಪಕ್ಕ ಕುಳಿತೆ.

“ನೋಡಿದ್ನಿ. ಎರಡು ಸಲ. ರೂಪಾಯಿಯಗಲ ಕಲಿ. ನನಗೂ ದೊಡ್ಡ ಮಗನ ಬಸುರಾಗ ಹಂಗ ಆಗಿತ್ತು, ಏನೂ ಆಗಿರ್ಲಿಲ್ಲ. ಹೇಳಿದ್ರ ನರಸಬಾಯಿ ನಡಿಗಿ ಬಂದ್ ಮಾಡ್ತಾಳ, ಒಂದು ದಿನಾನೂ ತಪ್ಪಸಬ್ಯಾಡ ಅಂದಾಳ, ನಡೀಲಿಲ್ಲಂದ್ರ ನನ್ನ ಮಗಳಂಗ ಆಕ್ಕೈತಿ ಅಂತ ತಿಳಕೊಂಡ್ನಿ. ಕಲ್ಲಿಗೆ ಹಾಕಿ ಕಲಿ ಹೋಗೂ ತನಕ ತಿಕ್ಕಿದ್ನಿರಿ.”

“ಸೊಸೆಗೆ ಗೊತ್ತಿತ್ತೇ, ನೀನು ನೋಡಿದ್ದೀ ಎಂದು?”

“ಇಲ್ರಿ. ಆಕಿ ನಾ ನೋಡಿಲ್ಲಂತ ತಿಳಿದಿದ್ಲು. ಒದ್ದಿ ಮಾಡಿ, ಮಡಿಚಿ, ಗಂಟಿನ ತಳಕ್ಕ ಇಡ್ತಿದ್ಲು.”

“ನರಸಬಾಯಿಗೆ ಎಂದಾದರೂ ಹೇಳಿದೆಯಾ?”

“ಹ್ಯಾಂಗ ಹೇಳ್ಲಿ? ಬೈದು ಬೈದು ಬಾಯಿ ಅದಕ್ಕ ಹೊಂದಿಬಿಟ್ಟಿತ್ತು. ಎರಡು ಸಲ ಇದ ಸ್ಟ್ಯಾಂಡಿನ ತನಕ ಬಂದೀನ್ರಿ. ಇಲ್ಲೆ ಕುಂತು ತಿರುಗಿ ಹೋಗೀನಿ. ಸತ್ಲು ಅಂತ ಕೇಳಿದ ಮ್ಯಾಲ ಧೈರ್ಯ ಬಂತು.”

ಚೀಲದಿಂದ ಪುಸ್ತಕ ತೆಗೆದು ಆ ಪುಟ ತೋರಿಸಿದೆ. ಮುದುಕಿಗೆ ಓದಲು ಬರುವುದಿಲ್ಲ. ಆಕೆಯ ಬೆರಳು ಹಿಡಿದು ಮೂರು ಗೆರೆಗಳ ಮೇಲೆ ಒಂದೊಂದಾಗಿ ಇಟ್ಟೆ. ಇದು ಕಣ್ಣು, ಇದು ಕಾಲು, ಇದು ಸೀರೆ. ನರಸಬಾಯಿ ಅವತ್ತೂ ಕೇಳಿದ್ದಳು, ನಿನ್ನ ಸೊಸೆ ಇಲ್ಲವೆಂದಿದ್ದಳು, ಇದು ಯಾರಿಗೂ ತಿಳಿಯಬಾರದೆಂದು ಆಕೆ ತಾನೇ ಮರೆತೆ ಎಂದು ಬರೆಸಿದಳು ಎಂದೆ. ಮೂರನೆಯ ಗೆರೆಯ ಮೇಲೆ ಬೆರಳು ಬಹಳ ಹೊತ್ತು ನಿಂತಿತು.

“ನನ್ನೂ ಕೇಳಿದ್ರ ಆಗ್ತಿತ್ರಿ,” ಎಂದಳು ಮುದುಕಿ. “ನನ್ನ ಯಾರೂ ಕೇಳಲಿಲ್ಲ.”

ಹೌದು. ಹೇಳಿಕೆ ಬರೆದುಕೊಂಡವಳು ನಾನು. ಅತ್ತೆಯ ಗೋಳನ್ನು ಬರೆದುಕೊಂಡೆ. ಬಟ್ಟೆ ಒಗೆಯುವವರು ಯಾರೆಂದು ನನಗೆ ಗೊತ್ತಿತ್ತು; ಕೇಳುವುದು ಹೊಳೆಯಲಿಲ್ಲ.

ಯಲಬುರ್ಗಾದ ಬಸ್ಸು ಮೊದಲು ಬಂತು. ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಮುದುಕಿ ಕ್ಷಮೆ ಕೇಳಲಿಲ್ಲ, ನಾನು ಸಮಾಧಾನ ಹೇಳಲಿಲ್ಲ. ಹೇಳಿಸಿಕೊಳ್ಳಬೇಕಾದಾಕೆ ಇರಲಿಲ್ಲ. ಕಿಟಕಿಯಲ್ಲಿ ತಲೆ ಹಾಕಿ, “ಸಾವಕಾಶ ಹೋಗ್ರಿ ಮೇಡಮ್ಮಾರ,” ಎಂದಳು. ಬಸ್ಸು ಹೊರಟಿತು.

ನನ್ನ ಬಸ್ಸಿಗೆ ಇನ್ನೂ ಹದಿನೆಂಟು ನಿಮಿಷವಿತ್ತು. ಅದೇ ಬೆಂಚಿನ ಮೇಲೆ ಕುಳಿತು, ಕನ್ನಡಕ ಒರೆಸಿ, ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡೆ. ಆ ಪುಟದ ಕೆಳಗೆ ‘ಪರಿಶೀಲಿಸಿದೆ’ ಎಂದು ಬರೆದೆ. ಸಹಿ ಹಾಕಿದೆ. ಕೆಳಗೆ ಮಂಗಳವಾರದ ತಾರೀಖು ನಮೂದಿಸಿದೆ. ತಡವಾದುದಕ್ಕೆ ಕಾರಣ ಬರೆಯಲು ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.